ಮುನ್ನೂರು ಗ್ರಾಂ

ಮೂವತ್ತೊಂದು ವರ್ಷ
ಟ್ರಿಯೆಸ್ಟೆ ಬಂದರಿನ ಗೋದಾಮಿನಲ್ಲಿ ನಾನು ತೂಕದವಳು.
ಉಗಾಂಡದ ಮೂಟೆ, ಸಾಂತೋಸಿನ ಮೂಟೆ,
ಒಂದೊಂದೂ ಅರವತ್ತು ಕಿಲೊ.
ಹಸಿರು, ಮೂಕ, ಗೋಣಿ ನಾತದ ಬೀಜ.
ಮುಳ್ಳು ನಿಂತ ಮೇಲೆ ರುಜು ಹಾಕುತ್ತಿದ್ದೆ.
ಆಮೇಲೆ ಎಲ್ಲಿಗೆ ಹೋದವೋ,
ಬೆಂಕಿಯಲ್ಲಿ ಏನಾದವೋ
ಕೇಳಿದವಳಲ್ಲ.
ಸಂಬಳ ಅದಕ್ಕಿರಲಿಲ್ಲ.

ಈಗ ಸಾನ್ ಜಾಕೊಮೊದ ಮೂರನೇ ಮಹಡಿ,
ಅಂಗೈಯಗಲದ ಬಾಲ್ಕನಿ, ಅಲ್ಲೊಂದು ಸ್ಟೂಲು,
ಸ್ಟೂಲಿನ ಮೇಲೆ
ಬಾಗಿಲೆಳೆದ ಅಂಗಡಿಯಿಂದ ಚೌಕಾಸಿ ಮಾಡಿ ತಂದ
ಹುರಿಯುವ ಯಂತ್ರ.
ಹಾಲಿನ ಪಾತ್ರೆಯಷ್ಟೇ ಡ್ರಮ್ಮು,
ಅಡಿಯಲ್ಲಿ ನೀಲಿ ಉರಿಯ ಒಂದು ಸಾಲು,
ಪಕ್ಕದಲ್ಲಿ ನಾಯಿಮರಿಯಂತೆ ಕೂತ ಸಿಲಿಂಡರು.
ಒಂದು ಸಲಕ್ಕೆ ಮುನ್ನೂರು ಗ್ರಾಂ.
ಮೂಟೆ ಎಣಿಸಿದ ಕೈಗೆ ಇದು ಚಿಟಿಕೆ.

ಮೊದಲ ಸಲ ಧೈರ್ಯ ಜಾಸ್ತಿಯಾಯಿತು.
ಉರಿ ಏರಿಸಿದೆ, ಫೋನು ಬಂತು,
ತಮ್ಮನ ಮಂಡಿನೋವಿನ ಕಥೆ ಮುಗಿಯುವಷ್ಟರಲ್ಲಿ
ಬಾಲ್ಕನಿ ಕಾಣಿಸುತ್ತಿರಲಿಲ್ಲ.
ನಮ್ಮೂರಲ್ಲಿ ಪುಟ್ಟ ಲೋಟದ ಕಾಫಿಗೆ
‘ಕಪ್ಪು’ ಅಂತಲೇ ಹೆಸರು, ‘ಒಂದು ಕಪ್ಪು’ ಅಂದರೆ ಸಾಕು.
ನನಗೆ ನಾನೇ ಕೊಟ್ಟುಕೊಂಡೆ
ಅಪ್ಪಟ ಕಪ್ಪು.

ಎರಡನೇ ಸಲ ಭಯ ಜಾಸ್ತಿ. ಬೇಗ ಇಳಿಸಿದೆ.
ಕುಡಿದರೆ ಒಣಹುಲ್ಲು ನೆನೆಸಿದ ನೀರು.

ಮೂರನೆಯದನ್ನು ಬೋರಾ ಕೆಡಿಸಿತು.
ಗುಡ್ಡದಿಂದ ಕಡಲಿಗೆ ಧುಮುಕುವ ಗಾಳಿ ಅದು.
ಹಿಂದೆಲ್ಲ ಬೀದಿಯುದ್ದಕ್ಕೂ ಹಗ್ಗ ಬಿಗಿಯುತ್ತಿದ್ದರು
ಜನ ಹಿಡಿದು ನಡೆಯಲೆಂದು.
ಉರಿಗೆ ಯಾರು ಹಗ್ಗ ಕಟ್ಟುತ್ತಾರೆ?
ಮೂರು ಬೇಕಿಂಗ್ ತಟ್ಟೆ ಒರಗಿಸಿ ಗೋಡೆ ಮಾಡಿದೆ,
ನಾನೇ ನಾಲ್ಕನೇ ಗೋಡೆಯಾಗಿ ನಿಂತೆ,
ಬೆನ್ನು ಹಿಮ, ಹೊಟ್ಟೆ ಕೆಂಡ.

ಹಾಗೆ ನಿಂತೇ ಕಲಿತದ್ದು.
ಐದು ನಿಮಿಷಕ್ಕೆ ಹಸಿರು ಒಣಗಿ ಗೋಧಿಯ ಬಣ್ಣ,
ಹುಲ್ಲಿನ ವಾಸನೆ ಹೋಗಿ ರೊಟ್ಟಿಯ ವಾಸನೆ,
ಬೀಜ ಬೆವರುತ್ತದೆ, ಸುಕ್ಕುಗಟ್ಟುತ್ತದೆ,
ನನ್ನ ಹಾಗೆ ಎಂದುಕೊಳ್ಳುವಷ್ಟರಲ್ಲಿ
ಉಬ್ಬಿ ನುಣುಪಾಗಿ ನಕ್ಕುಬಿಡುತ್ತದೆ.
ಗಡಿಯಾರ ನೋಡಿದರೆ ಮೂಗು ತಪ್ಪುತ್ತದೆ,
ಮೂಗು ನಂಬಿದರೆ ಗಡಿಯಾರ.

ಏಳನೇ ಸಲವೋ ಎಂಟನೆಯದೋ,
ಬಾಗಿಲು ಬಡಿದ ಸದ್ದು.
ಕೆಳಗಿನ ಮನೆಯ ಒಂಡಿನಾ,
ಕೈಯಲ್ಲಿ ದಿಂಬಿನ ಬಿಳಿ ಹೊದಿಕೆ,
ಅದರ ತುಂಬ ನನ್ನ ಕಾಫಿಯ ಕಂದು ಹೊಟ್ಟು.
‘ಇದು ಮನೆಯೋ ಕಾರ್ಖಾನೆಯೋ?
ಎರಡು ಸಲ ಒಗೆದದ್ದು ಇದು, ಎರಡು ಸಲ!
ನಿನ್ನ ವಯಸ್ಸಿನವರು ಸ್ವೆಟರ್ ಹೆಣೆಯುತ್ತಾರೆ, ನೀನು…’

ಚಟ್.

ಇಬ್ಬರೂ ತಿರುಗಿದೆವು.
ಮತ್ತೊಂದು. ಆಮೇಲೆ ಎರಡು ಒಟ್ಟಿಗೆ.
ಒಣಕಡ್ಡಿಯ ಮೇಲೆ ಯಾರೋ ಹುಷಾರಾಗಿ ನಡೆದಂತೆ,
ಆಮೇಲೆ ಹುಷಾರು ಮರೆತು ಓಡಿದಂತೆ,
ಚಟಚಟ ಚಟಚಟ
ಡ್ರಮ್ಮಿನೊಳಗೊಂದು ಮದುವೆಮನೆ.
ಮೂವತ್ತೊಂದು ವರ್ಷ ನನ್ನೆದುರು
ತುಟಿಪಿಟಕ್ಕೆನ್ನದೆ ಹಾದುಹೋದ ಬೀಜ!
ಒಂಡಿನಾಳ ಬೈಗುಳ ಅರ್ಧಕ್ಕೇ ನಿಂತಿತ್ತು,
ಬಾಯಿ ಮಾತ್ರ ತೆರೆದೇ ಇತ್ತು.

ಒಂದು ನಿಮಿಷ ಬಿಟ್ಟು ಇಳಿಸಿದೆ.
ಜರಡಿಗೆ ಸುರಿದು ಗಾಳಿಗೆ ಹಿಡಿದೆ,
ಬೋರಾ ಮೊದಲ ಸಲ ಕೆಲಸಕ್ಕೆ ಬಂತು.
ಅವಳು ಹೊದಿಕೆ ಕೊಡವುತ್ತ ಮೆಟ್ಟಿಲಿಳಿದಳು.
ಅರ್ಧ ದಾರಿಯಿಂದ ಕೂಗಿದಳು:
‘ಯಾವ ವಾರ ಹುರಿಯುತ್ತೀ?’
‘ಮಂಗಳವಾರ.’
‘ಸರಿ. ಬುಧವಾರ ಒಗೆಯುತ್ತೇನೆ.’

ತಣಿದ ಮೇಲೆ ತೂಗಿದೆ. ಕೈಯ ಚಾಳಿ.
ಇನ್ನೂರ ಐವತ್ತೈದು.
ಗೋದಾಮಿನಲ್ಲಾಗಿದ್ದರೆ
ಮೇಲಿನ ಕೋಣೆಗೆ ಕರೆಸುತ್ತಿದ್ದರು,
‘ನಲವತ್ತೈದು ಎಲ್ಲಿ, ನೀವೆಸ್?’
ಹಳೆಯ ವಹಿಯಲ್ಲಿ ನಷ್ಟದ ಪಕ್ಕ ಕಾರಣದ ಕಲಮಿತ್ತು:
ಹರಿದ ಚೀಲ, ತೇವ, ಇಲಿ, ಕಳವು.
ಇದು ಯಾವುದಕ್ಕೂ ಸೇರದು.
ನೀರು ಬಹಳ, ಹೊಗೆ ಸ್ವಲ್ಪ,
ಒಂಡಿನಾಳ ದಿಂಬಿಗೆ ಅಂಟಿದ ಹೊಟ್ಟು ಸ್ವಲ್ಪ,
ಆ ಸದ್ದಿಗೆ ತೂಕವಿದ್ದರೆ
ಅದೂ.

ಕಲಮು ಖಾಲಿ ಬಿಟ್ಟು
ರುಜು ಹಾಕಿದೆ.

ನಾಲ್ಕು ದಿನ ಡಬ್ಬಿಯಲ್ಲಿಟ್ಟು ಕುಡಿದು ನೋಡಿದೆ.
ಚೂರು ಹುಳಿ.
ಮುಂದಿನ ಮಂಗಳವಾರ
ಇಳಿಸುವ ಮುಂಚೆ
ಇನ್ನರ್ಧ ನಿಮಿಷ ತಡೆಯಬೇಕು.