ಆರು-ಹದಿನಾರು

ಕುಡಚಡೆಯ ರೈಲ್ವೆ ಗೇಟಿನ ಈಚೆ ಕಾಯ್ತಾನನ ಟೈರಂಗಡಿ.
ಚೌತಿ ಮುಗಿದು ವಾರ. ಇನ್ನೊಂದು ಇಪ್ಪತ್ತು ದಿನಕ್ಕೆ
ಕುಳೆಯ ಹೊಳೆ ಇಳಿಯುತ್ತದೆ, ಜಲಪಾತದ ದಾರಿ ತೆರೆಯುತ್ತದೆ,
ಜೀಪುಗಳು ಸಾಲಿಗೆ ನಿಲ್ಲುತ್ತವೆ.
ನನ್ನದು ಎಂಬತ್ತೇಳರದು. ನಾಲ್ಕು ಟೈರಿಗೆ ಹಲ್ಲು ಸವೆದಿದೆ,
ಬೆನ್ನಿಗೆ ಹೊತ್ತ ಐದನೆಯದು ಪೂರಾ ಬೊಚ್ಚುಬಾಯಿ.

ನನಗೆ ಅಗಲದ್ದು ಬೇಕಿತ್ತು.
ಹುಡುಗರ ಜೀಪಿಗೆಲ್ಲ ಈಗ ಮೂವತ್ತೊಂದು ಇಂಚಿನದು,
ಹದಿನೈದರ ಅಲಾಯ್ ಡಿಸ್ಕು,
ಮಡ್‌ಗಾರ್ಡ್ ದಾಟಿ ಚಾಚಿದ ಭುಜ.
ಪ್ರವಾಸಿಗಳು ಮೊದಲು ಅದರ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ,
ಆಮೇಲೆ ಜಲಪಾತದ ಪಕ್ಕ.

ಕಾಯ್ತಾನ ಬೇಡ ಅನ್ನಲಿಲ್ಲ. ವ್ಯಾಪಾರಿ.
ಒಂದನ್ನು ಉರುಳಿಸಿ ತಂದು ಮುಂದಿನ ಎಡಕ್ಕೆ ಹಾಕಿಸಿದ,
"ತಿರುಗಿಸು" ಅಂದ.
ಪೂರ್ತಿ ತಿರುಗಿಸಿದೆ.
ರಬ್ಬರು ಪಾಟಾಕ್ಕೆ ಉಜ್ಜಿ ನಿಂತಿತು,
ಹೊಸ ಚಪ್ಪಲಿ ಹಿಮ್ಮಡಿ ಕಚ್ಚಿದ ಹಾಗೆ.

ಪಂಕ್ಚರಿನ ಮಾಬೂಸಾಬ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತದೆ ಅಂದ:
"ಅಗಲಂದು ಉಸುಕಿಗೆ ಚಲೋ ಅಣ್ಣಾ, ಮ್ಯಾಲ ತೇಲತೈತಿ.
ನಿಂದು ರಾಡಿ ಕೆಲಸ. ರಾಡ್ಯಾಗ ತೇಲಿದಾಂವ ಜಾರತಾನ.
ಸಣ್ಣಂದು ಕೊಯ್ಕೊಂಡು ಕೆಳಗ ಇಳೀತೈತಿ,
ಗಟ್ಟಿ ನೆಲ ಸಿಗೂತನಕ ಬಿಡಂಗಿಲ್ಲ."

ಕಾಯ್ತಾನ ಆಗಲೇ ಹಳೆಯ ಟೈರಿನ ಪಕ್ಕೆಯ ಕೆಸರನ್ನು
ಹೆಬ್ಬೆರಳಿನಿಂದ ಒರೆಸುತ್ತಿದ್ದ. ಏಳು-ಹದಿನಾರು.
"ಕಂಪನಿ ಕೊಟ್ಟದ್ದು ಆರು-ಹದಿನಾರು.
ಇದನ್ನು ಹಾಕಿದವರು ಯಾರು?"

ಶೆವಂತಾಬಾಯಿಯ ಗಂಡ. ರಿವಣದಲ್ಲಿ ಗಣಿ ನಡೆಯುವಾಗ.
ಅವನು ಹೋದ ಮೇಲೆ ಗಾಡಿ ಅವಳದು, ಡ್ರೈವರು ನಾನು.
ಸವೆದಾಗೆಲ್ಲ ಇದ್ದ ಅಳತೆಯನ್ನೇ ತಂದು ಹಾಕಿದೆ,
ಕೇಳುವುದೇನಿತ್ತು.

ಕಾಯ್ತಾನ ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ
ಒಂದರೊಳಗೊಂದು ಎರಡು ಸೊನ್ನೆ ಬರೆದ.
"ಮೀಟರು ಎಣಿಸುವುದು ಸುತ್ತು. ದೂರ ಅದಕ್ಕೇನು ಗೊತ್ತು?
ಅದು ನೂರು ಅಂದಾಗ ನೀನು ಹೋದದ್ದು ನೂರೇಳು."

ಟೈರುಗಳ ರಾಶಿಯ ಮೇಲೆ ಕೂತೆ.

ಹಸಿರು ಬಟ್ಟೆಯ ರಟ್ಟಿನ ಪುಸ್ತಕ.
ಶನಿವಾರ ಸಂಜೆ, ಜಗಲಿಯ ದೀಪದಡಿ,
ಮೀಟರು ಎಷ್ಟು, ಡೀಸೆಲು ಎಷ್ಟು, ಭಾಗಾಕಾರ.
"ಲೆಕ್ಕಕ್ಕಿಂತ ನೂರಕ್ಕೆ ಒಂಬತ್ತು ಹೆಚ್ಚು ಕುಡಿದಿದೆ.
ಕುಡಿದದ್ದು ಗಾಡಿಯೋ, ನೀನೋ?"
ಕೂಗುತ್ತಿರಲಿಲ್ಲ. ಪಗಾರದಲ್ಲಿ ಮುರಿದುಕೊಂಡು
ಚಹಾ ಕೊಡುತ್ತಿದ್ದಳು, ಸಕ್ಕರೆ ಸರಿಯಾಗಿ ಹಾಕಿ.
ಏಳು ವರ್ಷ ಆ ಚಹಾ ಕುಡಿದೆ.
ಕೊನೆಗೆ ಬಾಕಿ ಪಗಾರಕ್ಕೆ ಗಾಡಿಯನ್ನೇ ಬರೆದುಕೊಟ್ಟು
ಚಾವಿ ಕೈಗಿಡುತ್ತ ಅಂದಳು:
"ಇನ್ನು ನಿನ್ನ ಡೀಸೆಲು ನೀನೇ ಕದ್ದುಕೋ."

ಈಗ ಮಡಗಾಂವಿನಲ್ಲಿ ಮಗಳ ಮನೆಯಲ್ಲಿದ್ದಾಳೆ.
ನಂಬರು ನನ್ನ ಹತ್ತಿರ ಇದೆ.
ಫೋನು ತೆಗೆದೆ. ಬಾಯೀ, ಏಳು ಟೈರಿನದು,
ನಿಮ್ಮ ಯಜಮಾನರೇ ಹಾಕಿಸಿದ್ದು, ಅನ್ನಬೇಕು.
ಬೆರಳು ಅಲ್ಲೇ ನಿಂತಿತು.
ಅವಳು ಕಳೆಯುವ ಲೆಕ್ಕದಲ್ಲಿ ಗಟ್ಟಿ.
ಒಂಬತ್ತರಲ್ಲಿ ಏಳು ಹೋದರೆ
ಉಳಿದ ಎರಡನ್ನು ಕೇಳುತ್ತಾಳೆ.
ಸಾವರ್ಡೆಯ ಪಂಪ್‌ಸೆಟ್ಟಿನವನಿಗೆ
ಹಳದಿ ಕ್ಯಾನಿನಲ್ಲಿ ಕೊಟ್ಟ ಎರಡು.

ಫೋನು ಜೇಬಿಗೆ ಹಾಕಿದೆ.

ಆರು-ಹದಿನಾರು ನಾಲ್ಕೇ ಕೊಂಡೆ, ದುಡ್ಡು ಅಷ್ಟಕ್ಕೇ ಆಯಿತು.
ಮಾಬೂಸಾಬ ಸಬ್ಬು ನೀರು ಸವರಿ, ಸಬ್ಬಲು ಒತ್ತಿ
ಒಂದೊಂದನ್ನೇ ಡಿಸ್ಕಿಗೆ ಕೂರಿಸಿದ.
ಗಾಡಿ ಒಂದಿಂಚು ತಗ್ಗಾಯಿತು, ಹತ್ತಲು ಸಲೀಸು.
ಸಾನ್ವರ್ಡೆ ದಾಟಿ ಏರಿನಲ್ಲಿ ಎರಡನೇ ಗೇರು ಏದುಸಿರು ಬಿಡಲಿಲ್ಲ.
ಮುಳ್ಳು ನಲವತ್ತು ಅಂದಿತು.
ನಲವತ್ತೇ.

ಹಿಂದೆ, ಐದನೆಯದರ ಜಾಗದಲ್ಲಿ
ಆ ಏಳು-ಹದಿನಾರು ಇನ್ನೂ ಇದೆ.
"ಪಂಕ್ಚರಾದರೆ ಹಾಕು, ಆದರೆ ಫೋರ್ ವ್ಹೀಲ್ ಎಳೆಯಬೇಡ,
ಅಳತೆ ಬೇರೆ, ಒಳಗೆ ಹಲ್ಲು ಮುರಿಯುತ್ತದೆ"
ಅಂದಿದ್ದಾನೆ ಕಾಯ್ತಾನ.
ಗುಂಡಿ ಬಂದಾಗಲೆಲ್ಲ
ಬೋಲ್ಟು ಸಡಿಲವಾಗಿ ಅದು ಕಟಕಟ ಅನ್ನುತ್ತದೆ.
ನಾಳೆ ಬಿಗಿ ಮಾಡಬೇಕು.