ಎಣಿಕೆ

ಹಂಗೇರಿಯ ಪೇಚ್ ಊರಲ್ಲಿ, ನೆಲಮಾಳಿಗೆಯಲ್ಲಿ,
ಎಟೆಲ್ಕಾ ಇಲಿಯ ಕರುಳು ಬಿಡಿಸುತ್ತಿದ್ದಳು,
ಒದ್ದೆ ದಾರದಂತೆ, ಗಾಜಿನ ಮೇಲೆ ನೀಳಕ್ಕೆ.
ಹುಣ್ಣು ಎಣಿಸಬೇಕು. ಬೆಳಗಿನಿಂದ ಅದೇ ಲೆಕ್ಕ.

ಗಂಡಿಗೆ ಹನ್ನೊಂದು, ಒಂಬತ್ತು, ಮತ್ತೆ ಹನ್ನೊಂದು.
ಹೆಣ್ಣಿಗೆ ಮೂರು.
ಅಂಡಾಶಯ ತೆಗೆದ ಹೆಣ್ಣಿಗೆ
(ಪೆನ್ಸಿಲು ಒಂದು ಗಳಿಗೆ ನಿಂತಿತು)
ಹತ್ತು.

"ನೋಡಿದಿರಾ!" ಎಂದ ಎಳೆಯ ಡಾಕ್ಟರ್ ಬೋಲ್ದಿಜಾರ್, ಹಿಗ್ಗಿ.
"ಒಳಗೊಬ್ಬಳು ಕಾವಲಿದ್ದಳು. ಕೆಲಸ ಬಿಟ್ಟು ಹೋದಳು."

ಅವಳು ಹೂಂಗುಟ್ಟಿದಳು.
ಅಂಕಿ ಬರೆದಳು, ಕೈ ತೊಳೆದಳು.
ಮುಟ್ಟು ನಿಂತು ಈ ಚಳಿಗಾಲಕ್ಕೆ ಎರಡು ವರ್ಷ.
ಮಂಡಿನೋವಿಗೆಂದು ಬರೆದುಕೊಟ್ಟ ಗುಳಿಗೆ
ಏಪ್ರನ್ನಿನ ಜೇಬಿನಲ್ಲೇ ಇದೆ;
ಇಲಿಗಳಿಗೆ ಕುಡಿಸಿದ್ದೂ ಅದನ್ನೇ.

ಸಂಜೆ ಬಸ್ಸಿನಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು
ಮಂಡಿಯನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ಕೇಳಿದಳು.
ಉತ್ತರ ಕೊಟ್ಟಿದ್ದು ಮಂಡಿ ಮಾತ್ರ.