ಟೂಲು ಓಡಿದ ಗೆರೆ

ಸಾಗರದ ಮಿನೇಜಸ್ ಎರಡನ್ನೂ ಬಿಚ್ಚಿಟ್ಟ,
ಗಾಂಧಿ ಬಜಾರಿನ ಜಬ್ಬಾರ್ ಸಾಹೇಬರ ಗಾಜಿನ ಮೇಜಿಗೆ
ಹಳೇ ಬನಿಯನ್ ಹಾಸಿ.
ಎರಡೂ ಜರ್ಮನಿಯವು, ಒಂದೇ ಮನೆತನ.
ಮೂವತ್ತೆಂಟರದಕ್ಕೆ ನೇರಳೆಹಣ್ಣಿನ ಹೊಳಪು,
ಬಗ್ಗಿದರೆ ಮೀಸೆ ಕಾಣುತ್ತದೆ.
ನಲವತ್ತೈದರದು ಅವಸರದ್ದು:
ಹಿಡಿಗೆ ಬರೀ ಮರದ ಹಲಗೆ,
ಮೈತುಂಬ ಗೆರೆ, ಬಾಚಣಿಗೆ ಎಳೆದ ಹಾಗೆ.

ನನ್ನನ್ನು ಕರೆಸಿದ್ದು ಸವೆದ ಪಿನ್ನಿಗೆ.
ಭದ್ರಾವತಿಯಲ್ಲಿ ಮೂವತ್ತೊಂದು ವರ್ಷ
ಲೇತಿನ ಮುಂದೆ ನಿಂತವನು;
ಉಕ್ಕು ನನ್ನೆದುರು ಬಾಯಿ ಬಿಡುತ್ತದೆ, ತಡವಾಗಿಯಾದರೂ.
ಹೆಬ್ಬೆರಳ ಉಗುರು ಓಡಿಸಿದೆ ಗೆರೆಯ ಮೇಲೆ.
ಮೊಂಡು ಟೂಲು.
ಸಾಣೆ ಹಿಡಿಯಲು ಬಿಟ್ಟಿಲ್ಲ ಅವನಿಗೆ.
ಒಂದು ಕಡೆ ನಡುಗಿದೆ: ಮಿಶಿನ್ನೋ, ಕೈಯೋ,
ಮೇಲೆ ವಿಮಾನವೋ,
ಎರಡು ದಿನದಿಂದ ಹೊಟ್ಟೆಗೆ ಇರಲಿಲ್ಲವೋ.

"ಇದಕ್ಕೇ ಮೇಸ್ತ್ರಿ, ಸಂಗ್ರಹ ಮಾಡೋರು ಜೀವ ಬಿಡೋದು.
ಸೋಲ್ತಾ ಇರೋರ ಕೆಲಸ, ನೋಡಿದ್ರೇ ಗೊತ್ತಾಗುತ್ತೆ"
ಅಂದ ಮಿನೇಜಸ್.
ನಾನು ಮಾತಾಡಲಿಲ್ಲ.
ನಮ್ಮ ಶಾಪಿನಲ್ಲೂ ಕೊನೆಯ ವರ್ಷ
ಗ್ರೈಂಡಿಂಗ್ ಬಿಟ್ಟೇ ಮಾಲು ಕಳಿಸಿದ್ದೆವು.
ಅದನ್ನು ಯಾರೂ ಬನಿಯನ್ ಹಾಸಿ ಇಡಲಿಲ್ಲ.

ಭಾನುವಾರ ರೇಂಜಿಗೆ ಹೋದೆವು, ಕಿವಿಗೆ ಹತ್ತಿ.
ಹೊಳಪಿನದು ಎಂಟಕ್ಕೆ ಎಂಟೂ ಹಾರಿತು,
ಹಾಳೆಯ ತುಂಬ ಚೆಲ್ಲಾಪಿಲ್ಲಿ.
ಒರಟಿನದು ಎರಡನ್ನು ಒಂದೇ ತೂತಿಗೆ ಇಟ್ಟು
ಮೂರನೆಯದಕ್ಕೆ ಹಲ್ಲು ಕಚ್ಚಿತು.
"ಬಿಡಿಸಿಕೊಂಡು ನೀವೂ ಒಂದು ಹೊಡೀರಿ."
ಹೊಡೆಯಲಿಲ್ಲ, ಹಿಡಿದುಕೊಂಡೆ ಸ್ವಲ್ಪ ಹೊತ್ತು.
ಲೇತಿನಿಂದ ಆಗಷ್ಟೇ ಇಳಿದ ಜಾಬಿನ ಬಿಸಿ, ಅದೇ ಬಿಸಿ.

ಆಮೇಲೆ ಬಂತು ಕಾನೂನು: ಒಬ್ಬನಿಗೆ ಎರಡೇ.
ಅಪ್ಪನ ಜೋಡುನಳಿಗೆ ಕೋವಿ ಬಿಡುವ ಹಾಗಿಲ್ಲ,
ಹಂದಿ ಕಾಟ.
ಉಳಿದ ಎರಡರಲ್ಲಿ ಯಾವುದು, ಹೇಳಿ ಮೇಸ್ತ್ರಿ?
ಒರಟಿನದನ್ನು ಇಟ್ಟುಕೋ ಅಂದೆ.
ನಕ್ಕ. ನಕ್ಕು, ಅದನ್ನೇ ಠಾಣೆಗೆ ಕೊಟ್ಟುಬಂದ.
ರಶೀದಿ ತೋರಿಸಿದ, ಹೆಡ್ಡಿನ ಗುಂಡು ಗುಂಡು ಅಕ್ಷರ:
'ಪಿಸ್ತೂಲು ಒಂದು. ಹಳೆಯದು. ಮೈ ಚೆನ್ನಾಗಿಲ್ಲ.'

ಕಿತ್ತ ಹಳೇ ಪಿನ್ನು ನನ್ನ ಬೆಂಕಿಪೊಟ್ಟಣದಲ್ಲಿದೆ.
ನಾನು ಮಾಡಿದ್ದು ಅದರೊಳಗೇ ಹೋಯಿತು.
ಯಾರೂ ಕೇಳಿರಲಿಲ್ಲ, ಆದರೂ
ಕನ್ನಡಿಯ ಹಾಗೆ ಉಜ್ಜಿದ್ದೆ ಅದನ್ನು,
ಎರಡು ರಾತ್ರಿ.
ಬಿಚ್ಚಿದವರಿಗೆ ಮಾತ್ರ ಕಾಣುತ್ತದೆ.